ಮಗಳ ಗೇಣು, ಕೋಚ್ ವೇಡ್ ಅವರ ಚಾರ್ಟು

ಅಳತೆ ಪಟ್ಟಿ ಹಿಡಿದು ಯಾರಾದರೂ ಎದುರು ಬಂದರೆ ನನಗೆ ಕೂಡಲೇ ಸುಸ್ತಾಗುತ್ತದೆ. ರವಿಕೆ ಹೊಲಿಯುವವನಾದರೂ ಸರಿ, ಆಸ್ಪತ್ರೆಯ ನರ್ಸಾದರೂ ಸರಿ. ನನ್ನ ಎತ್ತರ ನಾಲ್ಕು ಅಡಿ ಹತ್ತೂವರೆ ಇಂಚು. ಆ ಅರ್ಧ ಇಂಚನ್ನು ನಾನು ಈವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರು. ಹತ್ತು ವರ್ಷವೂ ನಾನೇ ಮೊದಲನೆಯವಳು. ಉಳಿದ ಹುಡುಗಿಯರು ಹಿಂದೆ ನಿಂತು ಜಡೆ ಎಳೆದಾಡಿ, ನೆಲ್ಲಿಕಾಯಿ ಹಂಚಿಕೊಂಡು, ಜೀವನವನ್ನು ಅರಿತರು. ನಾನು ಹತ್ತು ವರ್ಷ ನೋಡಿದ್ದು ಸಿಸ್ಟರ್ ಅವರ ಸೊಂಟದ ಜಪಮಾಲೆ ಮಾತ್ರ.

ಮದುವೆಯ ಹೊತ್ತಿಗೂ ಇದೇ ತಾಪತ್ರಯ. ಹುಡುಗನ ಕಡೆಯವರು ಎತ್ತರದ ಹುಡುಗಿ ಬೇಕೆಂದಿದ್ದಾರೆಂದು ದಲ್ಲಾಳಿ ಹೇಳಿದ್ದೇ ತಡ, ಅಮ್ಮ ಪೇಟೆಗೆ ಹೋಗಿ ಮೂರು ಇಂಚು ಹಿಮ್ಮಡಿಯ ಚಪ್ಪಲಿ ತಂದರು. ಒಂದು ವಾರ ನಾನು ಅಂಗಳದಲ್ಲಿ ಅದನ್ನು ಹಾಕಿಕೊಂಡು ಕೊಕ್ಕರೆಯಂತೆ ನಡೆದು ಅಭ್ಯಾಸ ಮಾಡಿದೆ. ಹೆಣ್ಣು ನೋಡುವ ಜಾಗ ದೇವಸ್ಥಾನ ಎಂದು ನಿಶ್ಚಯಿಸಿದವರೂ ಅಮ್ಮನೇ. ಚಪ್ಪಲಿಯನ್ನು ಹೊರಗೆ ಬಿಡಬೇಕಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದದ್ದು ಹೊರಗಿನ ಮೆಟ್ಟಿಲಿನ ಹತ್ತಿರ. ಆಗಲೇ ಹುಡುಗನ ತಾಯಿ ನನ್ನನ್ನು ನೋಡುತ್ತಿದ್ದರು. ಅವರ ಕಣ್ಣೆದುರೇ ನಾನು ಮೂರು ಇಂಚು ಕುಸಿದೆ. ಆದರೂ ಮದುವೆಯಾಯಿತು. ಯಾಕೆ ಒಪ್ಪಿದಿರಿ ಎಂದು ಇವರನ್ನು ಕೇಳಿದರೆ, "ನೀನು ಇಳಿದದ್ದು ನೋಡಿ ನಗು ಬಂತು" ಎನ್ನುತ್ತಾರೆ. ಹದಿನಾರು ವರ್ಷಗಳಿಂದ ಅದೇ ಉತ್ತರ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಮಸ್ಕತ್ತಿನ ಹೊರಗೆ ಅಲ್ ಮಬೇಲಾದಲ್ಲಿ ನಾವಿದ್ದಾಗ, ಎಣ್ಣೆಯ ಬೆಲೆ ಬಿದ್ದ ಆ ವರ್ಷಗಳಲ್ಲಿ, ಅಳತೆ ಪಟ್ಟಿ ನನ್ನ ಮಗಳನ್ನು ಹುಡುಕಿಕೊಂಡು ಬಂತು. ಮೇಘಾಗೆ ಆಗ ಹನ್ನೆರಡು. ಎತ್ತರದಲ್ಲಿ ನನ್ನ ಮಗಳೇ. ಅದಕ್ಕೆ ಬೇರೆ ಪುರಾವೆ ಬೇಕಾಗಿರಲಿಲ್ಲ.

ಇವರದು ಪೈಪ್ ಯಾರ್ಡಿನಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಅದೇ ಯಾರ್ಡಿನಲ್ಲಿ ವೇಡ್ ಎಂಬ ಅಮೆರಿಕದ ಸೂಪರ್‌ವೈಸರ್ ಇದ್ದರು. ತಾಳೆಮರದಂಥ ಆಳು, ಯಾರ ಮನೆಗೆ ಬಂದರೂ ಬಾಗಿಲಲ್ಲಿ ತಲೆ ತಗ್ಗಿಸುವವರು, ನನ್ನಂಥವಳನ್ನೂ 'ಮ್ಯಾಮ್' ಎಂದು ಕರೆಯುವವರು. ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಅವರು ಸಹೋದ್ಯೋಗಿಗಳ ಮಕ್ಕಳನ್ನೆಲ್ಲ ಸೇರಿಸಿ ತಮ್ಮ ದೇಶದ ಫುಟ್‌ಬಾಲ್ ಕಲಿಸುತ್ತಿದ್ದರು. ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸ ಓಡುವುದಷ್ಟೇ. ಚೆಂಡು ಥೇಟ್ ಸುಲಿಯದ ತೆಂಗಿನಕಾಯಿ. ದೊಡ್ಡವರ ಆಟದಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರಂತೆ. ಮಕ್ಕಳ ಆಟದಲ್ಲಿ ಸೊಂಟಕ್ಕೆ ಬಣ್ಣದ ಪಟ್ಟಿ ಸಿಕ್ಕಿಸಿರುತ್ತಾರೆ. ಅದನ್ನು ಎಳೆದರೆ ಹಿಡಿದಂತೆ ಲೆಕ್ಕ. ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದು ಒಬ್ಬರಿರುತ್ತಾರೆ. ಚೆಂಡು ಮೊದಲು ಅವರ ಕೈಗೇ ಬರಬೇಕು, ಯಾರಿಗೆ ಎಸೆಯಬೇಕೆಂದು ಅವರೇ ಕ್ಷಣದಲ್ಲಿ ತೀರ್ಮಾನಿಸಬೇಕು. ಮನೆಯಲ್ಲಿ ಅತ್ತೆ ಇದ್ದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ಮೇಘಾಗೆ ಅದೇ ಆಗಬೇಕಿತ್ತು.

"ಅಮ್ಮಾ, ಐ ವಾಂಟ್ ಟು ಬಿ ದಿ ಒನ್ ಹೂ ಥ್ರೋಸ್," ಎಂದು ಒಂದು ದಿನ ದೋಸೆ ತಿನ್ನುತ್ತಾ ಹೇಳಿದಳು. ಈ ಹುಡುಗಿ ಅದಕ್ಕೆ ಮುಂಚೆ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಶಾಲೆಯ ನಾಟಕದಲ್ಲಿ ಮರದ ಪಾತ್ರ ಕೊಟ್ಟರೂ ಸರಿ ಎಂದವಳು. ಆದ್ದರಿಂದ ನನಗೆ ಗಾಬರಿಯಾಯಿತು.

ಮುಂದಿನ ಶುಕ್ರವಾರ ಕೋಚ್ ವೇಡ್ ಮಕ್ಕಳಿಗೆಲ್ಲ ಒಂದೊಂದು ಫಾರ್ಮ್ ಕೊಟ್ಟು ಕಳಿಸಿದರು. ಎತ್ತರ, ತೂಕ, ತೋಳಿನ ಉದ್ದ, ಕೊನೆಗೆ ಬೆರಳು ಅಗಲಿಸಿದಾಗ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಎಷ್ಟು ಎಂಬುದು. ಕೆಳಗೆ ಹೆತ್ತವರ ಸಹಿ. ಅವರ ಬಳಿ ಒಂದು ಚಾರ್ಟು ಇತ್ತು, ಹಳೆಯದು, ಪ್ಲಾಸ್ಟಿಕ್ ಹೊದಿಸಿದ್ದು. ಯಾವ ಅಳತೆಯ ಮಗು ಯಾವ ಜಾಗಕ್ಕೆ ಎಂದು ಅದು ಹೇಳುತ್ತಿತ್ತು. "ಅಂಗೈ ದೊಡ್ಡದಿದ್ದರೆ ಚೆಂಡು ನಿಲ್ಲುತ್ತದೆ, ಮ್ಯಾಮ್. ಎತ್ತರವಿದ್ದರೆ ಎದುರಿನವರ ತಲೆಯ ಮೇಲಿಂದ ಕಾಣಿಸುತ್ತದೆ. ಇದು ವಿಜ್ಞಾನ" ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಕತ್ತೆತ್ತಿ ಕೇಳಿಸಿಕೊಂಡೆ. ನಮ್ಮಲ್ಲಿ ಇದಕ್ಕೆ ಗೇಣು ಎನ್ನುತ್ತಾರೆ, ನಾವು ಗೇಣಿನಿಂದ ಬಟ್ಟೆ ಅಳೆಯುತ್ತೇವೆಯೇ ಹೊರತು ಮಕ್ಕಳನ್ನಲ್ಲ, ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತವರಿಗೆ ಒಳ್ಳೆಯ ಮಾತುಗಳೆಲ್ಲ ಮನೆಗೆ ಬಂದ ಮೇಲೆಯೇ ನಾಲಿಗೆಗೆ ಬರುತ್ತವೆ.

ನಮ್ಮನೆಯಲ್ಲಿ ಅಳತೆಯೆಂದರೆ ಇವರ ಇಲಾಖೆ. ಮರುದಿನ ಸಂಜೆ ಯಾರ್ಡಿನಿಂದ ಬಂದವರು ಬೂಟು ಕಳಚಿ, ಚಹಾ ಕುಡಿದು, ಚೀಲದಿಂದ ವರ್ನಿಯರ್ ಕ್ಯಾಲಿಪರ್ ತೆಗೆದರು. ಕಬ್ಬಿಣದ ಪೈಪಿನ ದಪ್ಪ ಅಳೆಯುವ ಸಾಧನ ಮಗುವಿನ ಗೇಣಿಗೆ ಸಾಲಲಿಲ್ಲವಾಗಿ ಕೊನೆಗೆ ಉಕ್ಕಿನ ಪಟ್ಟಿ ಬಂತು. ಮೂರು ಸಲ ಅಳೆದು ಸರಾಸರಿ ತೆಗೆದರು. ಸರಿಯಾಗಿ ಏಳು ಇಂಚು. "ಬೆವರಿದಾಗ ಒಂದು ಎಳೆ ಹೆಚ್ಚು ಬರ್ಬಹುದು" ಎಂದು ಗಂಭೀರವಾಗಿ ಹೇಳಿ ಸ್ನಾನಕ್ಕೆ ಹೋದರು. ಚಾರ್ಟಿನ ಪ್ರಕಾರ ಕ್ವಾರ್ಟರ್‌ಬ್ಯಾಕಿಗೆ ಏಳೂವರೆಯಾದರೂ ಬೇಕಿತ್ತು.

ಫಾರ್ಮ್ ಕೊಡಲು ಇನ್ನೂ ಒಂದು ವಾರವಿತ್ತು. ಆ ವಾರ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದಿನಾ ಸಂಜೆ ಅವಳ ಬೆರಳುಗಳಿಗೆ ಬೆಚ್ಚಗಿನ ತೆಂಗಿನೆಣ್ಣೆ ಹಚ್ಚಿ ನೀವಿದೆ. ಚಪಾತಿ ಹಿಟ್ಟು ನಾದಲು ಕೂರಿಸಿದೆ. ಮಹಡಿಯ ಮೇಲಿನ ಬಾಗಲಕೋಟೆಯ ಗಿರಿಜಕ್ಕ ಸಕ್ಕರೆ ಕೇಳಲು ಬಂದವರು ಬಾಗಿಲಲ್ಲೇ ನಿಂತರು. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ವಯಸ್ಸಿನ ವಿಷಯ ಹಾಗೇ ತೀರ್ಮಾನವಾಗದೆ ಉಳಿದಿದೆ.

"ಏನ್ ನಡಸೀರಿ ಅಕ್ಕಾರ? ಹುಡುಗಿ ಕೈಗೆ ಏನಾಗೇತಿ?"

"ಏನಾಗಿಲ್ಲ ಗಿರಿಜಕ್ಕ. ಗೇಣು ಅರ್ಧ ಇಂಚು ಕಡಿಮೆ ಬಂದಿದೆ."

"ಅಯ್ಯ ಶಿವನ! ಗೇಣು ತಗೊಂಡು ಏನ್ ಮಾಡ್ತೀರಿ? ನಮ್ಮ ಅತ್ತಿ ಕೈ ಇಷ್ಟಗಲ ಇತ್ತು ನೋಡ್ರಿ, ಮೊರದಂಗ. ಒಂದು ರೊಟ್ಟಿ ನೆಟ್ಟಗ ಬಡಿಲಿಲ್ಲ ಜನ್ಮದಾಗ. ನಮ್ಮವ್ವನ ಕೈ ಗುಬ್ಬಿ ಕಾಲಿನಂಗ, ಆಕಿ ರೊಟ್ಟಿ ನೋಡಾಕ ಓಣಿ ಮಂದಿ ಬರ್ತಿದ್ರು."

ಮೇಘಾ ಹಿಟ್ಟಿನ ಕೈಯಲ್ಲೇ ನಕ್ಕಳು. ನನಗೆ ನಗು ಬರಲಿಲ್ಲ. ಗಿರಿಜಕ್ಕನ ಅವ್ವನನ್ನು ಕೋಚ್ ವೇಡ್ ಅವರ ಮುಂದೆ ಸಾಕ್ಷಿಗೆ ನಿಲ್ಲಿಸುವುದು ಹೇಗೆ?

ವಾರ ಮುಗಿದರೂ ಗೇಣು ಬೆಳೆಯಲಿಲ್ಲ. ಗುರುವಾರ ಸಂಜೆ ನಾನು ಫಾರ್ಮಿನಲ್ಲಿ ನೀಟಾದ ಕಾನ್ವೆಂಟ್ ಅಕ್ಷರದಲ್ಲಿ ಏಳೂವರೆ ಎಂದು ಬರೆದು ಇವರ ಮುಂದೆ ಸಹಿಗೆ ಇಟ್ಟೆ. ಆ ದಿನಗಳಲ್ಲಿ ಇವರು ಮನೆಗೆ ಬರುವಾಗಲೇ ಮುಖ ಬಾಡಿರುತ್ತಿತ್ತು. ಯಾರ್ಡಿನಲ್ಲಿ ಮನುಷ್ಯರನ್ನೂ ಅಳೆಯಲು ಶುರು ಮಾಡಿದ್ದರು. ಒಬ್ಬೊಬ್ಬರಿಗೂ ಅಂಕ, ಅಂಕ ಕಡಿಮೆಯಾದವರಿಗೆ ಕೆಲಸದಿಂದ ತೆಗೆದ ಕಾಗದ. ಇವರು ಪೆನ್ನಿನ ಮುಚ್ಚಳ ತೆಗೆದವರು ಅಲ್ಲೇ ನಿಂತರು.

"ಇದು ಯಾರ ಕೈ?"

"ನಿಮ್ಮ ಮಗಳದ್ದೇ."

"ನಾನು ಅಳೆದದ್ದು ಬೇರೆ ಇತ್ತಲ್ಲ ಮಾರಾಯ್ತಿ."

"ಬೆವರಿದರೆ ಹೆಚ್ಚು ಬರ್ತದೆ ಅಂತ ನೀವೇ ಹೇಳಿದ್ದು."

"ಅರ್ಧ ಇಂಚು ಬರುವಷ್ಟು ಬೆವರಿದರೆ ಡ್ರಿಪ್ ಹಾಕಬೇಕಾದೀತು."

ನನಗೆ ಸಿಟ್ಟು ಬಂತು. ಎಲ್ಲರೂ ಎರಡು ಗೆರೆ ಹೆಚ್ಚೇ ಬರೆದಿರುತ್ತಾರೆ, ನಿಮ್ಮ ಈ ಹರಿಶ್ಚಂದ್ರತನದಿಂದ ಮಗಳ ಅವಕಾಶ ಹೋಗುತ್ತದೆ ಎಂದು ಒದರಿದೆ. ಇವರು ಏಳೂವರೆಯನ್ನು ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ನಿಜದ ಅಳತೆ ಬರೆದು, ತಿದ್ದಿದ ಜಾಗದಲ್ಲಿ ಕಿರುಸಹಿಯನ್ನೂ ಹಾಕಿದರು. "ಅಳತೆ ಕಡಿಮೆ ಬಂದ ಪೈಪನ್ನು ನಾವು ಬೇರೆ ಲೈನಿಗೆ ಹಾಕ್ತೇವೆ. ಸುಳ್ಳು ಬರೆದ ಪೈಪು ಮಾತ್ರ ಒಡೆಯುವುದು" ಎಂದರು. ಮಗಳನ್ನು ಪೈಪಿಗೆ ಹೋಲಿಸಿದ್ದಕ್ಕೆ ನಾನು ಆ ಊಟಕ್ಕೆ ಉಪ್ಪಿನಕಾಯಿ ಬಡಿಸಲಿಲ್ಲ.

ಮೇಘಾಳನ್ನು ನಿಜವಾಗಿಯೂ ಬೇರೆ ಲೈನಿಗೆ ಹಾಕಿದರು. ಮುಂದೆ ಬಾಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ, ಕ್ವಾರ್ಟರ್‌ಬ್ಯಾಕ್ ಕೈಗೆ ಕೊಡುವ ಜಾಗ, ಸೆಂಟರ್ ಎಂದು ಅದರ ಹೆಸರು. ಕ್ವಾರ್ಟರ್‌ಬ್ಯಾಕ್ ಆದವನು ಯಾನ್ ಎಂಬ ಡಚ್ ಹುಡುಗ, ಕೈಗಳು ಬಾಳೆಲೆಯಷ್ಟು. ಒಳ್ಳೆಯ ಹುಡುಗ, 'ಆಂಟಿ' ಎಂದು ನಮಸ್ಕಾರ ಬೇರೆ ಮಾಡುತ್ತಿದ್ದ. ಆದರೆ ಅವನು ಎಸೆದ ಚೆಂಡು ಒಂದೋ ಪಾರ್ಕಿಂಗಿನ ತಗಡಿನ ಮೇಲೆ, ಇಲ್ಲವೇ ನಮ್ಮ ಚಾಪೆಯ ಮೇಲಿನ ಉಪ್ಪಿಟ್ಟಿನ ಡಬ್ಬಿಗೆ. ನಾನು ಡಬ್ಬಿ ಒರೆಸುತ್ತಾ ಕೋಚ್ ಕಡೆ ನೋಡುತ್ತಿದ್ದೆ. ಕೋಚ್ ಚಾರ್ಟಿನ ಕಡೆ ನೋಡುತ್ತಿದ್ದರು. ಮೇಘಾ ಮಾತ್ರ ಪ್ರತಿಸಲವೂ ಬಾಗಿ ಚೆಂಡು ಕೊಟ್ಟು, ತಿರುಗಿ ಅದು ಎಲ್ಲಿ ಹೋಯಿತೆಂದು ನೋಡಿ, ಓಡಿಹೋಗಿ ತರುತ್ತಿದ್ದಳು. ಮನೆಗೆ ಬಂದು ಗೋಡೆಗೆ ಒಬ್ಬಳೇ ಎಸೆಯುತ್ತಿದ್ದಳು. ಡಬ್ ಡಬ್ ಎಂಬ ಆ ಸದ್ದಿಗೆ ಗಿರಿಜಕ್ಕ ಒಂದು ದಿನವೂ ದೂರು ಹೇಳಲಿಲ್ಲ.

ಅಷ್ಟರಲ್ಲಿ ಊರು ಖಾಲಿಯಾಗತೊಡಗಿತು. ಸೂಪರ್ ಮಾರ್ಕೆಟ್ಟಿನ ಫಲಕದ ತುಂಬ ಸೋಫಾ, ಫ್ರಿಜ್ಜು, ಮಗುವಿನ ಸೈಕಲ್ ಮಾರಾಟಕ್ಕಿದೆ ಎಂಬ ಚೀಟಿಗಳು. ಮೊದಲು ಯಾನ್ ಮನೆಯವರು ಹೊರಟರು. ಅವನ ಜಾಗಕ್ಕೆ ಚಾರ್ಟಿನ ಪ್ರಕಾರ ಎರಡನೆಯವನು, ಈಜಿಪ್ಟಿನ ಹುಡುಗ ಬಂದ. ಐದು ವಾರದಲ್ಲಿ ಅವನ ಅಪ್ಪನ ಕೆಲಸವೂ ಖಲಾಸ್. ಆಮೇಲೆ ದಕ್ಷಿಣ ಆಫ್ರಿಕದ ಅವಳಿಗಳು, ಇಬ್ಬರೂ ಒಟ್ಟಿಗೆ ಹೋದರು. ಹೊರಡುವವರೆಲ್ಲ ತಮ್ಮ ಹೂಕುಂಡಗಳನ್ನು ನಮ್ಮ ಬಾಗಿಲಲ್ಲಿಟ್ಟು, ನೀರು ಹಾಕಿ ಎಂದು ಹೇಳಿ ಹೋಗುತ್ತಿದ್ದರು. ಹೆಸರು ಗೊತ್ತಿಲ್ಲದ ಗಿಡಗಳಿಗೆ ನೀರು ಹಾಕುತ್ತಾ, ಮುಂದಿನ ಕುಂಡ ನಮ್ಮದೇ ಇರಬಹುದೇ ಎಂದು ಯೋಚಿಸುವುದು ನನಗೆ ಅಭ್ಯಾಸವಾಯಿತು. ಎತ್ತರದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಒಂದು ಶುಕ್ರವಾರ ಕೋಚ್ ವೇಡ್ ಚಾರ್ಟನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡುತ್ತಾ ಬಂದು, ಕಟ್ಟಕಡೆಗೆ ನಮ್ಮ ಮೇಘಾಳ ಹೆಸರಿನ ಮೇಲೆ ನಿಂತರು. ಒಂದು ಎಳೆಯೂ ಬೆಳೆಯದೆ ನನ್ನ ಮಗಳು ತಂಡದಲ್ಲೇ ಎಲ್ಲರಿಗಿಂತ ಎತ್ತರದವಳಾಗಿದ್ದಳು.

ಆಡಿದಳು. ಚೆನ್ನಾಗಿಯೇ ಆಡಿದಳು ಎಂದು ತಾಯಿಯಾಗಿ ಹೇಳುತ್ತೇನೆ. ಇವರು 'ಪಾಸ್ ಮಾಡಬಹುದು' ಎಂದರು. ಎದುರಿನವರು ಕೈ ಎತ್ತಿದರೆ ಆಚೆಗೆ ಕಾಣದು ಎಂದು ಪಕ್ಕಕ್ಕೆ ಓಡಿ ಸಂದಿಯಲ್ಲಿ ಎಸೆಯುತ್ತಿದ್ದಳು. ಚೆಂಡು ಗಾಳಿಯಲ್ಲಿ ಕುಡಿದವನ ಹಾಗೆ ಓಲಾಡಿಕೊಂಡು ಹೋಗಿ ಹೇಗೋ ಯಾರದೋ ಕೈ ಸೇರುತ್ತಿತ್ತು. ಮೂರು ಶುಕ್ರವಾರ ನನಗೆ ಆಯಾಸವೇ ಇರಲಿಲ್ಲ. ಊರಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. ಭಜನೆಗೆ ಸೇರಿದ ಹೆಂಗಸರಿಗೆಲ್ಲ ಮಂಗಳಾರತಿ ಮುಗಿಯುವ ಮೊದಲೇ ಉಪನ್ಯಾಸ ಕೊಟ್ಟೆ: ಅಳತೆಯಿಂದ ಮಕ್ಕಳ ಯೋಗ್ಯತೆ ತಿಳಿಯುವುದಿಲ್ಲ, ಗೇಣಿನಲ್ಲಿ ಏನಿದೆ, ಎತ್ತರದಲ್ಲಿ ಏನಿದೆ, ಎಲ್ಲ ಮನಸ್ಸಿನಲ್ಲಿದೆ. ಗಿರಿಜಕ್ಕನ ಅವ್ವನ ರೊಟ್ಟಿಯನ್ನೂ ನನ್ನದೇ ಉದಾಹರಣೆಯೆಂಬಂತೆ ಬಳಸಿಕೊಂಡೆ. "ಖರೇನ ಐತ್ರಿ" ಎಂದು ಗಿರಿಜಕ್ಕನೇ ತಲೆಯಾಡಿಸಿದರು.

ನಾಲ್ಕನೆಯ ಶುಕ್ರವಾರ ನನಗೆ ತಲೆನೋವು, ಅಪ್ಪ ಮಗಳೇ ಮೈದಾನಕ್ಕೆ ಹೋಗಿದ್ದರು. ಮಧ್ಯಾಹ್ನ ಬಂದ ಮೇಘಾ ಬೆವರಿನ ಅಂಗಿಯಲ್ಲೇ ಅಡುಗೆಮನೆಗೆ ಬಂದಳು. ಇವರ ಯಾರ್ಡಿಗೆ ಹೊಸದಾಗಿ ಸೇರಿದ ಒಮಾನಿ ಟೆಕ್ನಿಷಿಯನ್ ಒಬ್ಬರ ಮಗಳು ಆಟಕ್ಕೆ ಬಂದಿದ್ದಳಂತೆ, ಷೈಮಾ ಎಂದು. ಸೂರ್ ಎಂಬ ಕಡಲೂರಿನ ಕಡೆಯವಳು. ಅಜ್ಜನ ದೋಣಿಗೆ ದಡದಿಂದ ಹಗ್ಗ ಎಸೆದು ಎಸೆದು ಬೆಳೆದವಳು.

"ಅಮ್ಮಾ, ಯು ಶುಡ್ ಸೀ ಹರ್! ಯಲ್ಲಾ, ಲೆಟ್ಸ್ ಗೋ ಅಂತ ಕೂಗ್ತಾಳೆ, ಬಾಲ್ ಸ್ಟ್ರೇಟ್ ಆಗಿ ಹೋಗ್ತದೆ, ಲೈಕ್ ಆನ್ ಆ್ಯರೋ. ನಾನೇ ಕೋಚ್ ಹತ್ರ ಹೇಳಿದೆ, ಲೆಟ್ ಹರ್ ಥ್ರೋ ಅಂತ. ನಾನು ವಾಪಸ್ ಸೆಂಟರ್."

ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೇ ನಿಂತಿತು. ವಾರವಿಡೀ ಎಣ್ಣೆ ಹಚ್ಚಿ ನೀವಿದ ನನ್ನನ್ನು ಒಂದು ಮಾತು ಕೇಳದೆ ಈ ಹುಡುಗಿ ಜಾಗ ಬಿಟ್ಟುಕೊಟ್ಟು ಬಂದಿದೆ! ಮುಖ ನೋಡಿದರೆ ಬೇಸರದ ಗುರುತೇ ಇಲ್ಲ. ಷೈಮಾ ಎಸೆದದ್ದನ್ನು ತೋರಿಸಲು ಒಂದು ಈರುಳ್ಳಿ ಬೇರೆ ಎತ್ತಿಕೊಂಡಿದ್ದಳು.

"ನೋಡಲಿಕ್ಕೆ ಹೇಗಿದ್ದಾಳೆ?" ಎಂದು ಕೇಳಿದೆ.

"ಟೈನಿ, ಅಮ್ಮಾ. ನನ್ನ ಭುಜಕ್ಕೆ ಬರ್ತಾಳೆ."

"ಮತ್ತೆ? ಅಷ್ಟು ಗಿಡ್ಡ ಇದ್ದರೆ ಆಗ್ತದಾ ಆ ಆಟಕ್ಕೆಲ್ಲ?"

ಮಾತು ಬಾಯಿಂದ ಹೊರಟಾಗಿತ್ತು. ಮೇಘಾ ಈರುಳ್ಳಿಯನ್ನು ಮೆಲ್ಲಗೆ ಬುಟ್ಟಿಗೆ ಹಾಕಿದಳು. ಊಟದ ಮೇಜಿನ ಹತ್ತಿರ ಕೂತಿದ್ದ ಇವರು ಪತ್ರಿಕೆಯನ್ನು ಮಡಚಿ ಕೆಳಗಿಟ್ಟು, ಕನ್ನಡಕ ಸರಿ ಮಾಡಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.