ಅಜ್ಜನ ಎಲೆಯ ಮೊಟ್ಟೆ

ನಡುರಾತ್ರಿಯ ಕತ್ತಲಲ್ಲಿ 'ಪುಚ್' ಎಂದು ಒಂದು ಸಣ್ಣ ಸದ್ದಾಯಿತು. ಶಶಿಪ್ರಭಾ ದಡಕ್ಕನೆ ಎದ್ದು ಕುಳಿತಳು. ಹಲ್ಲಿಯಲ್ಲ, ಇಲಿಯೂ ಅಲ್ಲ. ಆ ಸದ್ದಿನ ಗುರುತು ಅವಳಿಗೆ ಚೆನ್ನಾಗಿತ್ತು. ಟಾರ್ಚು ಹಾಕಿ ನೋಡಿದರೆ, ಎರಡೂವರೆ ವರ್ಷದ ಮಗ ಮುದ್ದು ನಿದ್ದೆಯಲ್ಲೇ ರಾಗಿ ಮಣ್ಣಿಯ ಮುದ್ದೆಯೊಂದನ್ನು ದಿಂಬಿನ ಮೇಲೆ ಉಗುಳಿ ಆಚೆ ಮಗ್ಗುಲಾಗಿದ್ದ. ಸಂಜೆ ಅವನ ಬಾಯಿಗೆ ತುರುಕಿದ ಕೊನೆಯ ತುತ್ತು ಅದು. ಅಷ್ಟು ಹೊತ್ತೂ ಅದನ್ನು ಎಡಗೆನ್ನೆಯಲ್ಲಿ ಠೇವಣಿಯಂತೆ ಕಾಪಾಡಿಕೊಂಡಿದ್ದ.

"ತಿಂದನಾ?" ಎಂದು ಬ್ಯಾಂಕಿನ ಗುಮಾಸ್ತ ಗಂಡ ಚಿತ್ತರಂಜನ ಕಣ್ಣು ಬಿಡದೆ ಕೇಳಿದ.

"ಇಲ್ಲ. ವಾಪಸು ಕೊಟ್ಟ."

ಬೆಳಗಾದರೆ ಅತ್ತೆ ಕುಶಲಮ್ಮ ಮುಲ್ಕಿಯಿಂದ ಬರುವವರಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದು ಮನೆತನದ ಕ್ರಮ. ಹಿಂದಿನ ವರ್ಷ ಹೋದ ಮಾವ ಶೀನಪ್ಪನವರಿಗೆ ಅತ್ತಾವರದ ಈ ಬಾಡಿಗೆ ಮನೆಯಲ್ಲೇ ಬಡಿಸುವುದೆಂದು ಆಗಿತ್ತು. ಶಶಿಗೆ ಅದರ ಹೆದರಿಕೆಯಿರಲಿಲ್ಲ. ಹೆದರಿಕೆ ಇದ್ದದ್ದು ಅತ್ತೆ ಹೋದ ಸಲ ಹೇಳಿದ ಮಾತಿನದು: "ಆಟಿಗೆ ಬರುವಾಗಲೂ ಮಗು ಹೀಗೆ ಒಣಗಿಸಿದ ನಂಗು ಮೀನಿನ ಹಾಗೆ ಇದ್ದರೆ ನಾನು ಊರಿಗೆ ಕರಕೊಂಡು ಹೋಗ್ತೇನೆ. ಚೌತಿ ಕಳೆದು ನೋಡುವ."

ಚೌತಿಯವರೆಗೆ ಮಗು ಇಲ್ಲದ ಮನೆಯನ್ನು ನೆನೆಯಲೂ ಶಶಿಗೆ ಆಗುತ್ತಿರಲಿಲ್ಲ.

ಮಗುವಿಗೆ ಮೊಟ್ಟೆ, ಸೊಪ್ಪು, ಹೆಸರುಕಾಳು ಬೇಕೆಂದು ಬಿ.ಎ. ಓದಿದ ಅವಳು ಪುಸ್ತಕದಲ್ಲಿ ಓದಿದ್ದಳು. ತಿನ್ನಿಸುವುದು ಹೇಗೆಂದು ಪುಸ್ತಕ ಬರೆದವರಿಗೂ ಗೊತ್ತಿದ್ದಂತಿರಲಿಲ್ಲ. ಬೆಳಿಗ್ಗೆ ದೋಸೆಯೊಳಗೆ ಮೊಟ್ಟೆ ಅಡಗಿಸಿಟ್ಟಳು. ಮುದ್ದು ದೋಸೆಯನ್ನು ಲಕೋಟೆಯಂತೆ ಬಿಡಿಸಿ, ಮೊಟ್ಟೆಯನ್ನು ಹೆಕ್ಕಿ ಅವಳ ಕೈಗೇ ಕೊಟ್ಟ.

"ಕಾಗೆಗೆ ಕೊಡ್ತೇನೆ ನೋಡು."

"ಕೊಡು," ಎಂದ.

ಆವರಣದ ಗೋಡೆಯಾಚೆ ಬಟ್ಟೆ ಹಿಂಡುತ್ತಿದ್ದ ನೆರೆಮನೆಯ ಜೂಲಿ ಬಾಯಿ ಎಲ್ಲವನ್ನೂ ನೋಡುತ್ತಿದ್ದರು. ಬಿಕರ್ನಕಟ್ಟೆಯ ಬಾಲಯೇಸುವಿಗೆ ಒಂದು ಮೇಣದಬತ್ತಿ ಹೇಳಿಕೊಳ್ಳಬೇಕೆಂದರು, ದೃಷ್ಟಿ ತೆಗೆಯಬೇಕೆಂದರು, ತನ್ನ ಐದು ಮಕ್ಕಳು ಬಟ್ಟಲು ಸಹಿತ ತಿನ್ನುತ್ತಿದ್ದವೆಂದರು. ಕೊನೆಗೆ, "ನೀನು ಕಾಲೇಜಿಗೆ ಹೋದದ್ದು ಸ್ವಲ್ಪ ಹೆಚ್ಚಾಯಿತು ಶಶಿ," ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಅತ್ತೆ ಬಂದರು. ಮೊಮ್ಮಗನ ತೋಳನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿ, ಸೀರೆ ಎತ್ತಿಕಟ್ಟಿ ಅಡುಗೆಗೆ ಇಳಿದರು. ಕೋಳಿ ಸಾರು, ಹರಿವೆ ಸೊಪ್ಪಿನ ಪಲ್ಯ, ಹೆಸರು ಪಾಯಸ, ಬೇಯಿಸಿದ ಮೊಟ್ಟೆ, ಎಲ್ಲ ಮಾವನಿಗೆ ಇಷ್ಟವಾದದ್ದೇ. ಬಡಿಸುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಮುದ್ದು ಬಾಗಿಲಲ್ಲಿ ನಿಂತು ಇಣುಕಿದ.

"ಮುಟ್ಟಬಾರದು. ಇದು ಅಜ್ಜನದ್ದು," ಎಂದರು ಕುಶಲಮ್ಮ.

ಮುದ್ದುವಿನ ಕಣ್ಣು ಅರಳಿತು. ತನಗಲ್ಲದ ಊಟವೂ ಲೋಕದಲ್ಲಿ ಉಂಟೆಂದು ಅವನಿಗೆ ಅಂದೇ ಗೊತ್ತಾದದ್ದು. ಮತ್ತೆ ಮತ್ತೆ ಬಂದು ಕಾಲಿಗೆ ಸಿಕ್ಕಿದಾಗ ಜೂಲಿ ಬಾಯಿ ಅವನನ್ನು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೇ ಸಾಕಾಗಿ, ಹಿಂಬಾಗಿಲಲ್ಲಿ ಬಿಟ್ಟು, ಯಾರಿಗೂ ಹೇಳದೆ ಹಿಂತಿರುಗಿದರು.

ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ ಬಾಗಿಲೆಳೆದು ಎಲ್ಲರೂ ಹೊರಗೆ ಸುಮ್ಮನೆ ಕುಳಿತರು. ಹಿರಿಯರು ಉಣ್ಣುವಷ್ಟು ಹೊತ್ತು ಕಾದು, ಚಿತ್ತರಂಜನ ಕೆಮ್ಮಿ, ಬಾಗಿಲು ತಟ್ಟಿ ತೆರೆದ.

ಎಲೆಯಲ್ಲಿ ಮೊಟ್ಟೆ ಇರಲಿಲ್ಲ. ಕೋಳಿಯ ಈಲಿ ತುಂಡು ಇರಲಿಲ್ಲ. ಸೊಪ್ಪಿನ ಪಲ್ಯದ ಜಾಗ ಖಾಲಿ. ಪಾಯಸದ ಬಟ್ಟಲು ತೊಳೆದಿಟ್ಟ ಹಾಗಿತ್ತು.

"ಬೆಕ್ಕು..." ಎಂದು ಚಿತ್ತರಂಜನ ಶುರುಮಾಡಿದ.

"ಕಿಟಕಿ ಹಾಕಿ ಉಂಟು," ಎಂದರು ಕುಶಲಮ್ಮ. "ಆಸ್ಪತ್ರೆಯಲ್ಲಿ ಕೊನೆಗೆ ಒಂದು ಚಮಚ ಗಂಜಿಯೂ ಇಳಿಯದೆ ಹೋದವರು. ಇವತ್ತು ಹೊಟ್ಟೆ ತುಂಬ ಉಂಡರು." ಸೆರಗು ಬಾಯಿಗೊತ್ತಿ ಎಲೆಯ ಮುಂದೆ ಅಡ್ಡಬಿದ್ದರು. ಚಿತ್ತರಂಜನನೂ ಬಿದ್ದ.

ಕೊನೆಯಲ್ಲಿ ನಿಂತಿದ್ದ ಶಶಿಗೆ ಮಾತ್ರ ಕೋಣೆಯ ಮೂಲೆಯ ಅಕ್ಕಿ ಪೀಪಾಯಿಯ ಹಿಂದೆ ಎರಡು ಪುಟ್ಟ ಪಾದ ಕಂಡವು. ಮೆಲ್ಲನೆ ಎತ್ತಿದಳು. ಮುದ್ದುವಿನ ಎಡಗೆನ್ನೆ ಉಬ್ಬಿತ್ತು, ಗಲ್ಲದಲ್ಲಿ ಪಾಯಸ. ಬಾವಿಕಟ್ಟೆಗೆ ಓಡಿ ಅವನ ಮುಖ ತೊಳೆದಳು. ಬಾಯಿ ತೆರೆಯಲು ಅವನು ಒಪ್ಪಲಿಲ್ಲ.

ಊಟಕ್ಕೆ ಕೂತಾಗ ಮುದ್ದು ತುಟಿ ಬಿಗಿದು ತಲೆಯಾಡಿಸಿದ. ಹೊಟ್ಟೆಯಲ್ಲಿ ಜಾಗವಿದ್ದರಲ್ಲವೆ? ಕುಶಲಮ್ಮ ಅವನ ಕೆನ್ನೆ ಸವರಿ ಒಂದು ಕ್ಷಣ ಕೈ ತಡೆದರು. ಮತ್ತೆ, "ಹಿರಿಯರ ಪ್ರಸಾದವೂ ಇವನಿಗೆ ಬೇಡ. ಬಟ್ಟೆ ತುಂಬಿಸು ಶಶಿ, ಐದು ಗಂಟೆ ಬಸ್ಸಿಗೆ ಹೊರಡ್ತೇವೆ," ಎಂದರು.

ಒಂದೇ ಒಂದು ಮಾತು ಸಾಕಿತ್ತು. 'ಮಾಮಿ, ಆ ಮೊಟ್ಟೆ ತಿಂದದ್ದು ನಿಮ್ಮ ಮೊಮ್ಮಗ.' ಮಗು ಉಳಿಯುತ್ತಿತ್ತು. ಆದರೆ ಅತ್ತೆಯ ಕಣ್ಣು ಇನ್ನೂ ಒದ್ದೆಯಿತ್ತು. ವರ್ಷದಿಂದ ಕಾಣದ ಒಂದು ನೆಮ್ಮದಿ ಆ ಮುಖದಲ್ಲಿತ್ತು. ಶಶಿ ಮಾತು ನುಂಗಿದಳು. ಮಗನಿಗಿಂತ ಅವಳೇ ವಾಸಿ, ನುಂಗುವುದಾದರೂ ಗೊತ್ತಿತ್ತು.

ನಾಲ್ಕು ಗಂಟೆಗೆ ಚಡ್ಡಿ ಅಂಗಿ ಮಡಚಿ ಚೀಲಕ್ಕೆ ಹಾಕುತ್ತ, ಸ್ವೆಟರು ತರಲು ಒಳಕೋಣೆಯ ಕಡೆ ಹೋದಳು. ಬಾಗಿಲು ಓರೆಯಾಗಿತ್ತು. ಒಳಗೆ ಒಂದು ತುಂಡು ಎಲೆ, ಎಲೆಯ ಮೇಲೆ ಮೊಟ್ಟೆ, ಎದುರಿಗೆ ಮುದ್ದು. ಕುಶಲಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು.

"ಇದು ಅಜ್ಜನದ್ದು. ನೀನು ಮುಟ್ಟಬಾರದು ಆಯ್ತಾ? ನಾನು ನೋಡುವುದಿಲ್ಲ."

ಮೊಟ್ಟೆ ಮಾಯವಾಯಿತು.

"ಮಧ್ಯಾಹ್ನ ಉಂಡವ ನೀನೇ ಅಂತ ನನಗೆ ಗೊತ್ತುಂಟು ಮಾರಾಯ," ಎಂದರು ಅವರು, ಗೋಡೆಗೇ ಹೇಳುವಂತೆ, ಬಹಳ ಮೆಲ್ಲಗೆ. "ಕೆನ್ನೆಯಲ್ಲಿ ಇಟ್ಟುಕೊಂಡಿದ್ದಿಯಲ್ಲ. ನಿನ್ನ ಅಜ್ಜನೂ ಮೊಟ್ಟೆಯನ್ನೇ ಮೊದಲು ತಿನ್ನುತ್ತಿದ್ದದ್ದು."

ಶಶಿ ಹೆಜ್ಜೆ ಸದ್ದಾಗದಂತೆ ಹಿಂದೆ ಸರಿದಳು.

ಐದು ಗಂಟೆಯ ಬಸ್ಸು ಹೋಯಿತು. ಕುಶಲಮ್ಮ ಹೋಗಲಿಲ್ಲ, ಮಗುವೂ ಹೋಗಲಿಲ್ಲ. ಗೋಡೆಯ ಬಳಿ ನಿಂತು ಅವರು ಜೂಲಿ ಬಾಯಿಗೆ, ತನ್ನ ಕೈಯಲ್ಲಿ ಮಗು ಇಡೀ ಮೊಟ್ಟೆ ತಿಂದದ್ದನ್ನು ಬಣ್ಣಿಸುತ್ತಿದ್ದರು. "ತಿನ್ನಿಸುವುದಕ್ಕೆ ಕೈಗುಣ ಬೇಕು ಬಾಯಮ್ಮಾ. ಇವಳಿಗೆ ಅದು ಇಲ್ಲ. ಚೌತಿವರೆಗೆ ನಾನೇ ಇಲ್ಲಿ ಇರ್ತೇನೆ."

"ನಾನು ಆಗಲೇ ಹೇಳಿದ್ದೆ, ಕಾಲೇಜು ಹೆಚ್ಚಾಯಿತು ಅಂತ," ಎಂದರು ಜೂಲಿ ಬಾಯಿ.

ಶಶಿ ಮಗನ ಎಡಗೆನ್ನೆಯನ್ನು ಒತ್ತಿ ನೋಡಿದಳು. ಖಾಲಿಯಿತ್ತು. ಗಂಡನಿಗೂ, ಜೂಲಿ ಬಾಯಿಗೂ, ಮುಖ್ಯವಾಗಿ ಅತ್ತೆಗೂ, ಯಾರಿಗೂ ಏನೂ ಹೇಳಬಾರದೆಂದು ನಿಶ್ಚಯಿಸಿ, ನಾಳೆ ಅಜ್ಜನಿಗೆ ಬೇಕಾಗುವ ಮೊಟ್ಟೆ ತರಲು ಕೊಡೆ ಹಿಡಿದು ಅಂಗಡಿಗೆ ಹೊರಟಳು.