ರಿಟೈರಾದ ಮೇಲೆ ರೇಸು

ನಮ್ಮ ಮನೆಯವರಿಗೆ ಅರವತ್ತು ತುಂಬಿದ ಮೇಲೆ ಹದಿನೆಂಟು ನಡೆಯಲು ಶುರುವಾಯಿತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಮ್ಮ ಕಾರು ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಅಂಗಳದಲ್ಲಿ ನಿಂತದ್ದನ್ನು ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ!

ಇವರು ಬಸ್ಸಿನ ಡ್ರೈವರ್ ಆಗಿದ್ದವರು. ಬೀದರ, ಭಾಲ್ಕಿ, ಔರಾದ ಎಂದು ಮೂವತ್ತು ವರ್ಷ ಓಡಾಡಿದರೂ ಒಂದು ಕೋಳಿಯ ಪುಕ್ಕ ಕೊಂಕಿಸಿದವರಲ್ಲ. ಎಮ್ಮೆ ಅಡ್ಡ ಬಂದರೆ ಹಾರ್ನ್ ಹೊಡೆಯದೆ, ಅದು ಯೋಚನೆ ಮಾಡಿ ಮುಗಿಸುವವರೆಗೆ ಕಾಯುವವರು. ಇವರ ಬಸ್ಸು ಹತ್ತಿದವರು ಊರು ಮುಟ್ಟುವುದು ಖಾತ್ರಿ, ಯಾವಾಗ ಎಂಬುದಷ್ಟೇ ಅನುಮಾನ! ಆದರೂ ಇವರು ಡ್ಯೂಟಿಗೆ ಹೋದ ಮೇಲೆ ನಾನು ಹನುಮಪ್ಪನ ಮುಂದೆ ದೀಪ ಹಚ್ಚಿ, ವಾಪಸ್ ಬರುವವರೆಗೆ ಎಣ್ಣೆ ನೋಡುತ್ತಾ ಇರುತ್ತಿದ್ದೆ. ರಿಟೈರಾದ ದಿನ, 'ಇನ್ನು ನೀನೂ ಸ್ವಲ್ಪ ಕೂಡು ತಂದೆ' ಎಂದು ದೇವರಿಗೆ ಹೇಳಿದೆ. ಅವನು ನಕ್ಕಿರಬೇಕು.

ಕೂತವರು ಇವರು. ನೌಬಾದದ ನಮ್ಮ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಹೋಗುವ ಬಸ್ಸುಗಳನ್ನು ನೋಡುತ್ತಾ, ವಾಚು ನೋಡುತ್ತಾ. 'ಲೇಟ್' ಎನ್ನುವರು. ದಿನಕ್ಕೆ ಅದೊಂದೇ ಮಾತು. ಪಲ್ಯಕ್ಕೆ ಉಪ್ಪು ಸಾಕೇ ಎಂದರೆ ತಲೆ ಅಲ್ಲಾಡಿಸುವರು. ಎಂಟು ತಿಂಗಳು ಹೀಗೇ. ಮನುಷ್ಯ ಎದುರಿಗೇ ಇದ್ದಾನೆ, ಆದರೆ ಎಲ್ಲೋ ಇಳಿದು ಹೋಗಿದ್ದಾನೆ! ಎದ್ದು ನಾಲ್ಕು ಮಾತಾಡಿದರೆ ಸಾಕಪ್ಪಾ ಎಂದು ಹನ್ನೊಂದು ಶನಿವಾರ ಒಪ್ಪೊತ್ತು ಊಟ ಮಾಡಿದೆ. ತಪ್ಪು ನನ್ನದೇ. ಏನು ಮಾತಾಡಬೇಕು ಎಂಬುದನ್ನು ದೇವರಿಗೆ ಬಿಡಿಸಿ ಹೇಳಿರಲಿಲ್ಲ!

ಹನ್ನೊಂದನೆಯ ಶನಿವಾರವೇ ಅಡುಗೆಮನೆಗೆ ಬಂದರು. "ಆಟೋಕ್ರಾಸ್ ಅಂತ ಒಂದು ಅದ" ಎಂದರು.

"ಆಟೋ ಯಾಕ್ರಿ, ಮನ್ಯಾಗ ಕಾರ್ ಅದ ಅಲ್ಲಾ?" ಎಂದೆ.

ಇವರು ನನ್ನ ಸ್ಟೀಲ್ ಲೋಟಗಳನ್ನೆಲ್ಲ ನೆಲದ ಮೇಲೆ ಬೋರಲು ಹಾಕಿ, ಅವುಗಳ ಸಂದಿಯಲ್ಲಿ ಒಂದು ನಿಂಬೆಹಣ್ಣನ್ನು ಹಾವಿನಂತೆ ಓಡಿಸಿ ತೋರಿಸಿದರು. ಬಯಲಿನಲ್ಲಿ ಹೀಗೇ, ರಸ್ತೆ ರಿಪೇರಿಯಲ್ಲಿ ಇಡುವ ಟೋಪಿಯಂಥ ಕೋನುಗಳನ್ನು ಇಟ್ಟಿರುತ್ತಾರಂತೆ. ಅವುಗಳ ನಡುವೆ ಕಾರು ತಿರುಗಿಸುತ್ತಾ ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದಂತೆ. ಔರಾದದ ಹುಡುಗರು ಸೇರಿ ನಡೆಸುತ್ತಾರಂತೆ.

"ಒಂದು ಗಾಡಿ ಆದ್ಮ್ಯಾಲ ಇನ್ನೊಂದು. ಡಿಕ್ಕಿ ಆಗಂಗಿಲ್ಲ, ಏನಿಲ್ಲ. ಗಡಿಯಾರದ ಜೋಡಿ ಜಗಳ, ಅಷ್ಟೇ."

"ಪಲ್ಟಿ ಆದ್ರ?"

"ಅದಕ್ಕೇ ಸಸ್ಪೆನ್ಷನ್ ಮಾಡಸ್ಲಾಕತ್ತೀನಿ."

ನನ್ನ ಕೈಯ ಸೌಟು ಬಿತ್ತು. ಡ್ರೈವರ್‌ನ ಹೆಂಡತಿಗೆ ಸಸ್ಪೆನ್ಷನ್ ಎಂದರೆ ಏನು ಹೇಳಿ? ಆ ಶಬ್ದ ನಮ್ಮ ಹೊಸ್ತಿಲು ದಾಟದಿರಲಿ ಎಂದು ಮೂವತ್ತು ವರ್ಷ ಬೇಡಿಕೊಂಡವಳು ನಾನು. ಈಗ ರಿಟೈರಾದ ಮೇಲೆ ತಾವೇ ಹೋಗಿ ಮಾಡಿಸಿಕೊಳ್ಳುತ್ತಾರಂತೆ!

ಅದು ಕಾರಿನ ಕೆಳಗಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಂದು ತಿಳಿದದ್ದು ಭಾಲ್ಕಿಯ ಗ್ಯಾರೇಜಿನಲ್ಲಿ. ಅಲ್ಲಿಯ ಉಸ್ತಾದ್ ನನಗೊಂದು ಸ್ಟೂಲು ಕೊಟ್ಟು ಸಮಾಧಾನ ಮಾಡಿದ. "ಭಾಭಿ, ಹೆದರಬ್ಯಾಡ್ರಿ. ಗಟ್ಟಿ ಸ್ಪ್ರಿಂಗ್ ಹಾಕಿ ಗಾಡಿ ಜರಾ ಕೆಳಗ ಕುಂಡ್ರಸ್ತೇನಿ. ತಿರುವಿನ್ಯಾಗ ಹೊಳ್ಳುವಾಗ ವಾಲಂಗಿಲ್ಲ. ಸೈಲೆನ್ಸರ್ ಭೀ ಬದಲಿ ಮಾಡ್ತೇನಿ. ಗಾಡಿ ಖುಲ್ಲಾ ಉಸುರಾಡಬೇಕ್ರಿ."

"ಇದ್ದದ್ದು ಸುಮ್ಮನಿತ್ತಲ್ಲಪಾ?"

"ಅದೇ ಅದರ ಖರಾಬಿ, ಭಾಭಿ!"

ಕಾರು ಮನೆಗೆ ಬಂತು, ಉಸಿರಾಡುತ್ತಾ. ಗೂಳಿ ನೆಗಡಿ ಹಿಡಿದು ಉಸಿರಾಡಿದಂತೆ! ಪಕ್ಕದ ಮನೆಯಾಕೆ ಓಡಿ ಬಂದು, "ವೈನಿ, ಹೆಲಿಕಾಪ್ಟರ್ ಇಳೀತೇನ್ರಿ? ಮಂತ್ರಿ ಯಾರ್ ಬಂದಾರ?" ಎಂದಳು. ಇನ್ನು ಆ ಗಟ್ಟಿ ಸ್ಪ್ರಿಂಗು! ಮೊದಲಾದರೆ ರಸ್ತೆಯಲ್ಲಿನ ಗುಂಡಿ ಕಾರಿಗಷ್ಟೇ ತಿಳಿಯುತ್ತಿತ್ತು. ಈಗ ನೇರ ನನಗೇ ತಿಳಿಸುತ್ತದೆ. ತಂಗಿಯ ಮನೆಗೆಂದು ಒಂದು ಡಬ್ಬಿ ಮೊಸರು ತೆಗೆದುಕೊಂಡು ಹೊರಟೆ. ಭಾಲ್ಕಿಯಲ್ಲಿ ಇಳಿಸಿದ್ದು ಮಜ್ಜಿಗೆ. ಬೆಣ್ಣೆ ಬೇರೆ ಬಂದಿತ್ತು, ದೇವರು ದೊಡ್ಡವನು.

ನೌಬಾದದ ಹೊರಗಿನ ಬಯಲಲ್ಲಿ ಪ್ರಾಕ್ಟೀಸು ನಡೆಯಿತು. ಕೋನುಗಳ ಬದಲು ನಮ್ಮ ಬಕೆಟುಗಳು. ಒಂದು ದಿನ ಕಾರು ಜೋರಾಗಿ ಸುತ್ತುತ್ತಿದ್ದಾಗ ಹಾದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಸುಮ್ಮನೆ ಕೈ ಎತ್ತಿದಳು. ಇವರು ಗಕ್ಕನೆ ಬ್ರೇಕ್ ಹಾಕಿ ಬಾಗಿಲು ತೆರೆದರು! ಕೈ ಎತ್ತಿದವರನ್ನು ಬಿಟ್ಟು ಹೋದ ಅಭ್ಯಾಸವೇ ಇಲ್ಲವಲ್ಲ.

"ಮನ್ನಳ್ಳಿಗಿ ಹೋಗ್ತದೇನೋ ಯಪ್ಪಾ?"

"ಹತ್ತವ್ವಾ."

ರೇಸಿನ ಕಾರು ಮನ್ನಳ್ಳಿಗೆ ಹೋಯಿತು. ಎರಡು ತಾಸು ನಾನು ಬಕೆಟು ಕಾಯುತ್ತಾ ನಿಂತಿದ್ದೆ.

ನಗುತ್ತಿದ್ದೆ ನಿಜ, ಆದರೆ ನಿದ್ದೆ ಇರಲಿಲ್ಲ. ಹೋಗಲಿ ಎಂದರೆ ಕಾರು ಮಗುಚಿದ ಕನಸು. ಬೇಡ ಎನ್ನೋಣವೆಂದರೆ ಆ ಪ್ಲಾಸ್ಟಿಕ್ ಕುರ್ಚಿ ಕಣ್ಣ ಮುಂದೆ. ಈಗ ಉಣ್ಣುವಾಗ ಮಾತು, ಕೈ ತೊಳೆಯುವಾಗ ಮಾತು. ಸ್ಪ್ರಿಂಗಿನ ಮಾತೇ ಆಗಲಿ, ಮಾತು ಮಾತೇ ಅಲ್ಲವೇ? ಅದನ್ನು ನಾನೇ ಹೇಗೆ ಕಸಿದುಕೊಳ್ಳಲಿ?

ರೇಸಿನ ಭಾನುವಾರ ಬಂತು, ಔರಾದದ ಬಯಲಿಗೆ ಹೋದೆವು. ಹತ್ತು ಹನ್ನೆರಡು ಕಾರು, ಎಲ್ಲ ಹುಡುಗರು. ಇವರನ್ನು ಕಂಡು, "ಕಾಕಾ, ಮಗನ್ನ ಬಿಡ್ಲಾಕ ಬಂದೀರೇನು?" ಎಂದರು. ಒಬ್ಬೊಬ್ಬರಿಗೆ ಒಂದೇ ಅವಕಾಶ. ಮೊದಲು ಎಲ್ಲರೂ ಹಾದಿ ನಡೆದು ನೋಡಿದರು. ಜೊತೆಗೆ ಬಂದಿದ್ದ ಉಸ್ತಾದ್ ಕೊನೆಯ ಕೋನಿನ ಬಳಿ ನಿಂತು, "ಡ್ರೈವರ್ ಸಾಬ್, ಇದನ್ನ ಎಡಕ್ಕ ಬಿಟ್ಟು ಸೀದಾ ಹೋಗಬೇಕು. ಇಲ್ಲೇ ಜರಾ ಸಂಭಾಳಸ್ರಿ. ಪಲ್ಟಿ ಆದ್ರ ಇಲ್ಲೇ ಆಗೋದು" ಎಂದ.

ಎಲ್ಲರೂ ಚಹಾಕ್ಕೆ ಹೋದರು. ನನಗೆ ಚಹಾ ಎಲ್ಲಿ ಇಳಿಯಬೇಕು? ಆ ಕೋನಿನ ಹತ್ತಿರ ಒಬ್ಬಳೇ ನಿಂತೆ. ಕೇಸರಿ ಬಣ್ಣ, ಮೊಳಕಾಲುದ್ದ. ಹೊಲದ ಬದುವಿನ ಮೇಲೆ ಸಿಂಧೂರ ಬಳಿದು ನಿಲ್ಲಿಸಿದ ಹನುಮಪ್ಪನ ಹಾಗೇ ಕಾಣುತ್ತದಲ್ಲ! ಸೆರಗಿನ ಗಂಟಿನಲ್ಲಿ ಗುಡಿಯ ಕುಂಕುಮ ಇತ್ತು. ಕೋನಿನ ಬಿಳಿ ಪಟ್ಟಿಯ ಮೇಲೆ ಒಂದು ಬೊಟ್ಟು ಇಟ್ಟು, 'ಇಲ್ಲಿ ನೀನೇ ನಿಂತಿರಪ್ಪಾ' ಎಂದು ಕೈ ಮುಗಿದು ಬಂದೆ.

ಇವರ ಸರದಿ ಬಂತು. ನಾನು ಕಣ್ಣು ಮುಚ್ಚಿದೆ. ಕಿವಿ ಮುಚ್ಚಲು ಆಗಲಿಲ್ಲ, ಕೈ ಮುಗಿದಿತ್ತು. ಮೈಕಿನಲ್ಲಿ ಹುಡುಗ, "ಕಾಕಾ ಭಾಳ ಮುಂದ ಅದಾರ! ಎಲ್ಲಾರ್‌ಕಿಂತ ಮುಂದ ಅದಾರ!" ಎಂದು ಕೂಗಿದ. ಕಣ್ಣು ತೆರೆದೆ. ಕಾರು ಚೂರೂ ವಾಲದೆ ಕೊನೆಯ ಕೋನಿಗೆ ಬಂತು. ಒಮ್ಮೆಲೇ ನಿಧಾನವಾಯಿತು. ಕೋನನ್ನು ಎಡಕ್ಕೆ ಬಿಡದೆ, ಬಲಕ್ಕೆ ಇಟ್ಟುಕೊಂಡು, ಗರ್ಭಗುಡಿ ಸುತ್ತುವ ಹಾಗೆ ಮೆತ್ತಗೆ ಒಂದು ಪೂರ್ತಿ ಸುತ್ತು ಹಾಕಿತು!

"ಕಾಕಾ ಪ್ರದಕ್ಷಿಣಿ ಹಾಕ್ಯಾರ! ರನ್ ರದ್ದು!" ಎಂದಿತು ಮೈಕು. ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು. ಉಸ್ತಾದ್ ತಲೆಯ ಮೇಲೆ ಕೈ ಹೊತ್ತು ಕೂತ.

ವಾಪಸ್ ಬರುವಾಗ ಇವರು ಮಾತಾಡಲಿಲ್ಲ. ಐದು ಕಿಲೋಮೀಟರು, ಹತ್ತು ಕಿಲೋಮೀಟರು. ಇವರು ಮತ್ತೆ ಎಲ್ಲೋ ಇಳಿದು ಹೋದರೆ? ಇಳಿಸಿದವಳು ನಾನೇ! ತಡೆಯಲಾಗಲಿಲ್ಲ.

"ಆ ಬೊಟ್ಟು ನಾನೇ ಇಟ್ಟಿದ್ದು ರೀ. ತಪ್ಪಾಯ್ತು."

"ಗೊತ್ತದ."

"ಗೊತ್ತಿದ್ದೂ ಸುತ್ತು ಹಾಕಿದ್ರಾ? ಹನುಮಪ್ಪ ಅಂತ ತಿಳದ್ರೇನು?"

"ಹನುಮಪ್ಪ ಎಲ್ಲಿ ಬಂದ ನಡುವ?" ಎಂದರು ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನೀ ಗಡಿಬಿಡಿಯಾಗ ಇಡ್ತಿ, ನಿನ್ನ ಬೊಟ್ಟಿಗಿ ಕೆಳಗ ಬಾಲ ಬರ್ತದ. ಮೂವತ್ತು ವರ್ಷ ಬುತ್ತಿ ಡಬ್ಬಿ ಮುಚ್ಚಳದ ಮ್ಯಾಲ ದಿನಾ ನೋಡೀನಿ. ಮಧ್ಯಾಹ್ನ ಬಸ್ ನಿಲ್ಲಿಸಿ, ಅದನ್ನ ಬೆರಳಿಲೆ ತಗದು ಹಣಿಗಿ ಹಚ್ಕೊಂಡೇ ಡಬ್ಬಿ ಬಿಚ್ತಿದ್ದೆ. ಅಂಥಾದನ್ನ ಎಡಕ್ಕ ಬಿಟ್ಟು ಹ್ಯಾಂಗ ಹೋಗ್ಲಿ, ನೀನೇ ಹೇಳು."

ಆ ದಿನಗಳಲ್ಲಿ ಸಂಜೆ ಡಬ್ಬಿ ತೊಳೆಯುವಾಗ ಮುಚ್ಚಳದ ಮೇಲೆ ಬೊಟ್ಟು ಇರುತ್ತಿರಲಿಲ್ಲ. ಚೀಲದ ಬಟ್ಟೆಗೆ ಒರೆಸಿ ಹೋಗಿರಬೇಕು ಎಂದುಕೊಂಡಿದ್ದೆ, ಮೂವತ್ತು ವರ್ಷ.