ತೋಟದ ಚಿತ್ರಕ್ಕೆ ಶೇಡ್ ಜಾಸ್ತಿ

ಕಾಫಿ ಸೀಮೆಯಲ್ಲಿ ಚಿತ್ರ ಬರೆದೇ ಬದುಕುತ್ತೇನೆಂದು ಹಟ ಹಿಡಿದವಳು ನಗುವಿಗಾಗಿ ಎಲ್ಲೂ ಹೋಗಬೇಕಿಲ್ಲ. ಅದೇ ಬಾಗಿಲಿಗೆ ಬರುತ್ತದೆ, ಕೆಲವೊಮ್ಮೆ ಜೀಪಿನಲ್ಲಿ.

೧

ನಾನು ಶುರು ಮಾಡಿದ್ದು ಮೂಡಿಗೆರೆಯಲ್ಲಿ ಅಂಗಡಿಗಳ ಬೋರ್ಡ್ ಬರೆಯುವುದರಿಂದ. ಉಳಿದದ್ದನ್ನು ಲೈಬ್ರರಿ ಪುಸ್ತಕ ಓದಿ ಕಲಿತೆ. ಒಮ್ಮೆ ಗೋಣಿಬೀಡಿನಿಂದ ಯಾರೋ ಫೋನ್ ಮಾಡಿದರು.

"ಪೇಂಟರಾ? ಆಯಿಲ್ ಪೇಂಟ್ ಮಾಡ್ತೀರಾ?"

ಎದೆಯುಬ್ಬಿತು. "ನನಗೆ ಇಷ್ಟವಾದದ್ದೇ ಅದು. ದೊಡ್ಡದಾ, ಚಿಕ್ಕದಾ?"

"ದೊಡ್ಡದೇ. ಗೇಟು."

೨

ಆಮೇಲೆ ಮಲ್ಲಂದೂರು ಕಡೆಯ ಸಾಹುಕಾರರೊಬ್ಬರು ತಮ್ಮ ಹಾಲ್‌ಗೆ ತಮ್ಮದೇ ತೋಟದ ಚಿತ್ರ ಬೇಕೆಂದರು. ಅದು ಆ ಗೋಡೆ ಏರಿದರೆ ನಾನು ಕಲಾವಿದೆ. ವಾಪಸ್ ಬಂದರೆ ಮತ್ತೆ ಬೋರ್ಡ್ ಬರೆಯುವವಳು. ಊರಿಗೆಲ್ಲ ಹೇಳಿಕೊಂಡೂ ಬಿಟ್ಟಿದ್ದೆ.

ನಾನು ತೋಟದಲ್ಲೇ ಕೂತು ಕಂಡದ್ದನ್ನು ಬರೆಯುವವಳು. ಕಪ್ಪು ಬಣ್ಣ ಮುಟ್ಟುವುದಿಲ್ಲ. ಕತ್ತಲನ್ನು ಹಸಿರು, ನೀಲಿಯಲ್ಲೇ ಕಟ್ಟುತ್ತೇನೆ. ಕುಂಚ ಕೆಳಗಿಟ್ಟ ಮೇಲೆ ತಿದ್ದುವುದಿಲ್ಲ.

ಸಾಹುಕಾರರು ನೋಡಿದರು. "ಚೆನ್ನಾಗಿದೆ. ಆದ್ರೆ ಶೇಡ್ ಜಾಸ್ತಿ ಆಯ್ತು. ಸ್ವಲ್ಪ ತೆಗೀರಿ."

ಶೇಡ್ ಬಗ್ಗೆ ಮಾತಾಡುವ ಸಾಹುಕಾರರು! ಬೆಳಕು ಕಾಣಬೇಕಾದರೆ ಪಕ್ಕದಲ್ಲಿ ಕತ್ತಲು ಯಾಕೆ ಬೇಕೆಂದು ಓದಿದ್ದನ್ನೆಲ್ಲ ಸುರಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅದೆಲ್ಲ ಸರಿ ಮಾರಾಯ್ತಿ. ಇಷ್ಟು ಮರದ ನೆರಳಲ್ಲಿ ಕಾಫಿ ಫಸಲು ಬರೋದು ಹೇಗೆ?"

೩

ತಿದ್ದುವುದಿಲ್ಲ ಎಂದೆ. "ನಿಮ್ಮ ತೋಟ ಹೇಗಿದ್ಯೋ ಹಾಗೇ ಇದೆ ಸಾವ್ಕಾರ್ರೇ. ಬೇಡದಿದ್ರೆ ಹೊತ್ಕೊಂಡು ಹೋಗ್ತೀನಿ."

ಅವರ ಹೆಂಡತಿ ಒಳಗಿನಿಂದಲೇ ತೀರ್ಪು ಕೊಟ್ಟರು: "ಮೊಳೆ ಹೊಡೆದಾಗಿದೆ. ಯುಗಾದಿಗೆ ಜನ ಬರ್ತಾರೆ, ಬರೀ ಮೊಳೆ ಚೆನ್ನಾಗಿರಲ್ಲ. ಸದ್ಯಕ್ಕೆ ಹಾಕಿ, ಆಮೇಲೆ ನೋಡೋಣ."

ಯುಗಾದಿಗೆ ನನ್ನನ್ನೂ ಕರೆದಿದ್ದರು. ಆಕೆಯ ತಮ್ಮ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಹೊಗಳಿಕೆಗೆ ಕಿವಿ ತೆರೆದು ನಾನು ಹಿಂದೆಯೇ ನಿಂತೆ. ನೆರಳಿನ ಮರಗಳ ಕೊಂಬೆ ಕಡಿಸುವುದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ಅವರು ಸಾಹುಕಾರರ ಕಡೆ ತಿರುಗಿ ಕೇಳಿದರು:

"ಏನ್ ಭಾವ, ಮರಗಸಿ ಮಾಡ್ಸೋದೇ ಬಿಟ್ರಾ?"

ಆಮೇಲೆ ಬಂದ ನೆಂಟರೂ ಅದನ್ನೇ ಕೇಳಿದರು. ನನ್ನ ಚಿತ್ರ ಅಷ್ಟು ನಿಜವಾಗಿತ್ತು. ಸಾಹುಕಾರರು ನನ್ನನ್ನು ನೋಡಿದ ನೋಟವೂ.

೪

ಮುಂಗಾರಿನ ಹೊತ್ತಿಗೆ ಕರೆ ಬಂತು. ವಾಪಸ್ ಕೊಡುವುದಕ್ಕೇ ಇರಬೇಕೆಂದು ಚಿತ್ರ ಸುತ್ತಲು ಹಳೇ ಸೀರೆ ಹಿಡಿದು ಹೋದೆ. ಒಂದು ಗೆರೆಯನ್ನೂ ತಿದ್ದಕೂಡದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಚಿತ್ರ ಗೋಡೆಯ ಮೇಲೇ ಇತ್ತು. ಸಾಹುಕಾರರು ನನ್ನನ್ನು ಕಿಟಕಿಗೆ ಕರೆದರು. ತೋಟದಲ್ಲಿ ಬೆಳಕೋ ಬೆಳಕು, ಕೊಂಬೆಗಳೆಲ್ಲ ನೆಲಕ್ಕಿಳಿದಿದ್ದವು.

"ನೀವಂತೂ ಶೇಡ್ ತೆಗೀಲಿಲ್ಲ. ನಾನೇ ತೆಗೆಸ್ದೆ."

"ಹಾಗಾದ್ರೆ ಚಿತ್ರ ಬೇಡ್ವಾ?"

"ಛೆ, ಮುಟ್ಬೇಡಿ! ಬಂದವರಿಗೆ ಮೊದಲು ಅದನ್ನ ತೋರಿಸ್ತೀನಿ, ಆಮೇಲೆ ಕಿಟಕಿ. ಅದಿಲ್ದಿದ್ರೆ ನಾನು ಮರಗಸಿ ಮಾಡ್ಸಿದ್ದು ಯಾರಿಗೆ ಗೊತ್ತಾಗುತ್ತೆ?"